ಬರೆದವನ ಕಣ್ಣಿಗೆ ಕಾಣದ ತಪ್ಪು

ನಮ್ಮ ಕಾಲೇಜುಗಳಲ್ಲಿ ಗಣಕವಿಜ್ಞಾನದ ಪ್ರಾಯೋಗಿಕ ಪರೀಕ್ಷೆ ನಡೆಯುವುದನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಮೇಜಿನ ಮೇಲೆ ಮಡಿಸಿಟ್ಟ ಚೀಟಿಗಳ ರಾಶಿ. ವಿದ್ಯಾರ್ಥಿಯು ಮನಸ್ಸಿನಲ್ಲಿಯೇ ಇಷ್ಟದೈವವನ್ನು ನೆನೆದು ಒಂದು ಚೀಟಿಯನ್ನು ಎತ್ತುತ್ತಾನೆ. ವರ್ಷದ ಮೊದಲಿನಿಂದಲೂ ತಿಳಿದಿದ್ದ ಹತ್ತು ಹನ್ನೆರಡು ಪ್ರಶ್ನೆಗಳಲ್ಲಿ ಯಾವುದೋ ಒಂದು ಅವನ ಪಾಲಿಗೆ ಬರುತ್ತದೆ. ಅದರ ಉತ್ತರವಾದ ಪ್ರೋಗ್ರಾಮನ್ನು ಅವನು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾನೆ; ಅದನ್ನು ಯಂತ್ರಕ್ಕೆ ಉಣಿಸುತ್ತಾನೆ; ತೆರೆಯ ಮೇಲೆ ನಿರೀಕ್ಷಿಸಿದ ಅಂಕಿಗಳು ಮೂಡುತ್ತವೆ; ಪರೀಕ್ಷಕರು ಇಣುಕಿ ನೋಡಿ, ತಲೆದೂಗಿ, ಅಂಕಗಳನ್ನು ಬರೆದುಕೊಳ್ಳುತ್ತಾರೆ. ಅಲ್ಲಿಗೆ ಆ ಪ್ರೋಗ್ರಾಮಿನ ಆಯುಸ್ಸು ತೀರಿತು. ಮರುದಿನ ಅದನ್ನು ಯಾರೂ ತೆರೆದು ನೋಡುವುದಿಲ್ಲ, ಬರೆದವನೂ ನೋಡುವುದಿಲ್ಲ.

ಇದೇ ವಿದ್ಯಾರ್ಥಿಯು ಎರಡು ಮೂರು ವರ್ಷಗಳ ತರುವಾಯ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಒಂದು ತಂತ್ರಾಂಶ ಸಂಸ್ಥೆಯನ್ನು ಸೇರುತ್ತಾನೆ. ಅಲ್ಲಿ ಅವನ ಕೈಗೆ ಬರುವುದು ಖಾಲಿ ಹಾಳೆಯಲ್ಲ. ಹತ್ತಾರು ಮಂದಿ ಹತ್ತಾರು ವರ್ಷ ಬರೆದು, ತಿದ್ದಿ, ಬಿಟ್ಟುಹೋದ ಲಕ್ಷಾಂತರ ಸಾಲುಗಳ ಹಳೆಯ ಪ್ರೋಗ್ರಾಮೊಂದು ಅವನ ಮುಂದೆ ಬಂದು ನಿಲ್ಲುತ್ತದೆ. ಅದನ್ನು ಅವನು ಓದಬೇಕು, ಅರ್ಥಮಾಡಿಕೊಳ್ಳಬೇಕು, ಒಂದೆಡೆ ಮುಟ್ಟಿದರೆ ಇನ್ನೊಂದೆಡೆ ಕಳಚಿಬೀಳದಂತೆ ತಿದ್ದಬೇಕು, ತಿದ್ದಿದುದನ್ನು ತಂಡದ ಇತರರ ಮುಂದಿಟ್ಟು ಅವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಈ ನಾಲ್ಕರಲ್ಲಿ ಒಂದನ್ನೂ ನಾವು ಅವನಿಗೆ ಕಲಿಸಿರುವುದಿಲ್ಲ. ನಾವು ಕಲಿಸಿದ್ದು ಬರೆಯುವುದನ್ನು ಮಾತ್ರ. ಅದೂ ಪಕ್ಕದವನಿಗೆ ಕಾಣದಂತೆ ಕೈ ಅಡ್ಡವಿಟ್ಟುಕೊಂಡು ಬರೆಯುವುದನ್ನು. ಪ್ರೋಗ್ರಾಮಿನ ಕಸಬಿನಲ್ಲಿ ಓದುವುದೇ ಮೊದಲನೆಯ ವಿದ್ಯೆ, ಬರೆದುದನ್ನು ಇತರರಿಗೆ ತೋರಿಸುವುದು ಎರಡನೆಯ ವಿದ್ಯೆ, ಬರೆಯುವುದು ಇವೆರಡರ ನಂತರ ಬರುವಂಥದು ಎಂಬುದು ನನ್ನ ಅಭಿಪ್ರಾಯ. ಇದು ವಿಪರೀತದ ಮಾತಾಗಿ ತೋರಬಹುದು. ಆದಕಾರಣ ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ಗಣಕಯಂತ್ರವು ಕೆಲಸಮಾಡಲು ಅದಕ್ಕೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳಬೇಕಷ್ಟೆ. ಹಾಗೆ ಬಿಡಿಸಿ ಹೇಳಿದ ಬರಹವೇ ಪ್ರೋಗ್ರಾಮು. ಇಂತಹ ಬರಹದಲ್ಲಿ ತಪ್ಪು ನುಸುಳುವುದು ಎಷ್ಟು ಸುಲಭವೆಂಬುದು ಈ ವಿದ್ಯೆ ಹುಟ್ಟಿದ ವರ್ಷದಲ್ಲಿಯೇ ತಿಳಿದುಹೋಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕಟ್ಟಿದ ‘ಎಡ್‌ಸ್ಯಾಕ್’ ಎಂಬ ಗಣಕವು 1949ರ ಮೇ ತಿಂಗಳಿನಲ್ಲಿ ಮೊದಲ ಬಾರಿಗೆ ಕೆಲಸಮಾಡಿತು. ಕೆಲವು ವಾರಗಳ ಬಳಿಕ ವಿಲ್ಕ್ಸ್ ಸ್ವತಃ ಒಂದು ಗಣಿತ ಸಮೀಕರಣವನ್ನು ಬಿಡಿಸಲು ಪ್ರೋಗ್ರಾಮು ಬರೆದರು. ಅದರಲ್ಲಿ ಇದ್ದುದು 126 ಸಾಲುಗಳು. ಆ 126 ಸಾಲುಗಳಲ್ಲಿ ಸುಮಾರು 20 ತಪ್ಪುಗಳಿದ್ದುವು! ಯಂತ್ರವನ್ನು ಕಟ್ಟಿದ ಮಹನೀಯರ ಕೈಬರಹದ ಸ್ಥಿತಿಯೇ ಇದು. ತನ್ನ ಮುಂದಿನ ಆಯುಷ್ಯದ ಬಹುಭಾಗವು ತಾನೇ ಮಾಡಿದ ತಪ್ಪುಗಳನ್ನು ಹುಡುಕುವುದರಲ್ಲಿ ಕಳೆಯಲಿದೆ ಎಂಬ ಅರಿವು ಯಂತ್ರದ ಕೋಣೆಗೆ ಹೋಗುವ ಮೆಟ್ಟಿಲುಗಳ ಮೇಲೆ ತಮಗೆ ಥಟ್ಟನೆ ಉಂಟಾಯಿತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ತಪ್ಪಾದರೆ ತಿದ್ದಿದರಾಯಿತು, ಅದರಲ್ಲಿ ಅಷ್ಟೊಂದು ಗಾಬರಿ ಏಕೆ ಎಂದು ಕೇಳಬಹುದು. ಕಾಗದದ ಮೇಲಿನ ಲೆಕ್ಕದ ತಪ್ಪಿಗೆ ಈ ಮಾತು ಸಲ್ಲುತ್ತದೆ. ಆದರೆ ಪ್ರೋಗ್ರಾಮು ಈಗ ಕಾಗದದ ಮೇಲೆ ಉಳಿದಿಲ್ಲ. ಅದು ವಿಮಾನವನ್ನು ಹಾರಿಸುತ್ತದೆ, ಬ್ಯಾಂಕಿನ ಹಣವನ್ನು ಸಾಗಿಸುತ್ತದೆ, ಆಸ್ಪತ್ರೆಯಲ್ಲಿ ರೋಗಿಯ ಮೈಯನ್ನು ಮುಟ್ಟುತ್ತದೆ. ಈ ಕಡೆಯ ಮಾತಿಗೆ ಒಂದು ನಿದರ್ಶನವನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಈ ಕಸಬಿಗೆ ಬರಬೇಕೆಂದಿರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಕಥೆ ಅದು.

‘ಥೆರಾಕ್-25’ ಎಂಬುದು ಕೆನಡಾ ದೇಶದಲ್ಲಿ ತಯಾರಾದ, ಏಡಿಗಂತಿ ಎಂದರೆ ಕ್ಯಾನ್ಸರ್ ರೋಗಕ್ಕೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ. ಅದು ಎರಡು ಬಗೆಯಲ್ಲಿ ಕೆಲಸಮಾಡುತ್ತಿದ್ದಿತು. ಒಂದು ಬಗೆಯಲ್ಲಿ ಎಲೆಕ್ಟ್ರಾನುಗಳ ಸೌಮ್ಯವಾದ ಧಾರೆಯನ್ನು ನೇರವಾಗಿ ರೋಗಿಯ ಮೇಲೆ ಹಾಯಿಸುತ್ತಿದ್ದರು. ಇನ್ನೊಂದು ಬಗೆಯಲ್ಲಿ ಬಲು ತೀವ್ರವಾದ ಧಾರೆಯನ್ನು ಒಂದು ಲೋಹದ ಫಲಕಕ್ಕೆ ತಾಗಿಸಿ, ಅದರಿಂದ ಹೊರಡುವ ಕ್ಷ-ಕಿರಣಗಳನ್ನು ಉಪಯೋಗಿಸುತ್ತಿದ್ದರು. ತೀವ್ರ ಧಾರೆಯಿದ್ದಾಗ ಫಲಕವು ಅಡ್ಡವಿರಲೇಬೇಕು. ಇಲ್ಲವಾದರೆ ರೋಗಿಯ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ. ಇದಕ್ಕೆ ಹಿಂದಿನ ಮಾದರಿಯಾದ ‘ಥೆರಾಕ್-20’ರಲ್ಲಿ ಈ ಅಪಾಯವನ್ನು ತಡೆಯಲು ಪ್ರತ್ಯೇಕವಾದ ವಿದ್ಯುತ್ ತಡೆಗಳಿದ್ದುವು. ಹೊಸ ಯಂತ್ರದಲ್ಲಿ ಅವುಗಳನ್ನು ತೆಗೆದುಹಾಕಿ, ಕಾವಲಿನ ಭಾರವನ್ನೆಲ್ಲ ಪ್ರೋಗ್ರಾಮಿಗೆ ಒಪ್ಪಿಸಲಾಯಿತು.

1986ರ ಮಾರ್ಚ್ ತಿಂಗಳಿನಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಟೈಲರ್ ಪಟ್ಟಣದ ಚಿಕಿತ್ಸಾಲಯವೊಂದರಲ್ಲಿ ಯಂತ್ರ ನಡೆಸುತ್ತಿದ್ದ ಮಹಿಳೆಯು ಕ್ಷ-ಕಿರಣವನ್ನು ಸೂಚಿಸುವ ‘ಎಕ್ಸ್’ ಅಕ್ಷರವನ್ನು ತಪ್ಪಿ ಒತ್ತಿದಳು. ಬೇಕಾಗಿದ್ದುದು ಎಲೆಕ್ಟ್ರಾನನ್ನು ಸೂಚಿಸುವ ‘ಇ’. ದಿನನಿತ್ಯದ ಅಭ್ಯಾಸದಿಂದ ಅವಳ ಬೆರಳುಗಳಿಗೆ ಬಹಳ ವೇಗ ಬಂದಿದ್ದಿತು. ಕ್ಷಣಮಾತ್ರದಲ್ಲಿ ಹಿಂದೆ ಹೋಗಿ ಅಕ್ಷರವನ್ನು ತಿದ್ದಿ, ಚಿಕಿತ್ಸೆಯನ್ನು ಆರಂಭಿಸಿದಳು. ತೆರೆಯ ಮೇಲೆ ‘ಇ’ ಎಂದೇ ಕಾಣುತ್ತಿತ್ತು. ಆದರೆ ಯಂತ್ರದ ಒಳಗೆ ನಡೆದುದೇ ಬೇರೆ. ಧಾರೆಯನ್ನು ಬಾಗಿಸುವ ಅಯಸ್ಕಾಂತಗಳನ್ನು ಸಜ್ಜುಗೊಳಿಸಲು ಪ್ರೋಗ್ರಾಮಿನ ಒಂದು ಭಾಗಕ್ಕೆ ಸುಮಾರು 8 ಸೆಕೆಂಡು ಹಿಡಿಯುತ್ತಿತ್ತು. ಆ 8 ಸೆಕೆಂಡುಗಳ ಒಳಗೆ ಯಾರಾದರೂ ಅಕ್ಷರವನ್ನು ತಿದ್ದಿದರೆ ಆ ತಿದ್ದುಪಡಿ ಅದರ ಗಮನಕ್ಕೆ ಬರುತ್ತಲೇ ಇರಲಿಲ್ಲ. ಧಾರೆ ತೀವ್ರವಾಗಿಯೇ ಉಳಿಯಿತು, ಫಲಕವು ಅಡ್ಡ ಬರಲಿಲ್ಲ. ಯಂತ್ರವು ‘ದೋಷ 54’ ಎಂಬ ಒಗಟಿನಂಥ ಸಂದೇಶವನ್ನು ತೋರಿಸಿ ನಿಂತಿತು. ಆ ಯಂತ್ರವು ದಿನವೂ ಇಂತಹ ಸಂದೇಶಗಳನ್ನು ತೋರಿಸಿ ನಿಲ್ಲುತ್ತಿದ್ದುದರಿಂದ ಅವಳು ಮುಂದುವರಿಸುವ ಗುಂಡಿಯನ್ನು ಒತ್ತಿದಳು. ರೋಗಿಯು ಎರಡನೆಯ ಬಾರಿಯೂ ಬೆಂದನು. ಅವನಿಗೆ ಸಲ್ಲಬೇಕಾಗಿದ್ದುದು 180 ರ‍್ಯಾಡ್ ವಿಕಿರಣ. ಸಂದುದು ಅದರ ಸುಮಾರು ನೂರು ಪಟ್ಟು. ಐದು ತಿಂಗಳಲ್ಲಿ ಅವನು ತೀರಿಕೊಂಡನು. ಮೂರು ವಾರಗಳ ನಂತರ ಅದೇ ಕೋಣೆಯಲ್ಲಿ, ಅದೇ ರೀತಿಯಲ್ಲಿ, ಇನ್ನೊಬ್ಬ ರೋಗಿಯು ಬಲಿಯಾದನು. 1985ರಿಂದ 1987ರವರೆಗೆ ಈ ಯಂತ್ರದಿಂದ ಒಟ್ಟು ಆರು ಅಪಘಾತಗಳು ಸಂಭವಿಸಿದುವು.

ಟೈಲರಿನ ಎರಡನೆಯ ಅಪಘಾತದ ಬಳಿಕ ಅಲ್ಲಿನ ಭೌತವಿಜ್ಞಾನಿಯೂ ಯಂತ್ರ ನಡೆಸುವ ಆ ಮಹಿಳೆಯೂ ಜೊತೆಯಾಗಿ ಕುಳಿತು, ಮತ್ತೆ ಮತ್ತೆ ಅದೇ ಗುಂಡಿಗಳನ್ನು ಒತ್ತಿನೋಡಿ, ‘ದೋಷ 54’ನ್ನು ಬೇಕೆಂದಾಗ ಬರಿಸುವ ಬಗೆಯನ್ನು ಕಂಡುಹಿಡಿದರು. ಬೆರಳಿನ ವೇಗವೇ ಇದರ ಕೀಲೆಂಬುದು ಆಗ ತಿಳಿಯಿತು. ಕಂಪೆನಿಯ ತಜ್ಞರಾದರೋ ಅಂತಹ ಅತಿವಿಕಿರಣವು ತಮ್ಮ ಯಂತ್ರದಿಂದ ಸಾಧ್ಯವೇ ಇಲ್ಲವೆಂದು ಅಲ್ಲಿಯವರೆಗೆ ಹೇಳುತ್ತ ಬಂದಿದ್ದರು.

ಈ ದುರಂತವನ್ನು ಕೂಲಂಕಷವಾಗಿ ಶೋಧಿಸಿ ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್ ಎಂಬವರು 1993ರಲ್ಲಿ ದೀರ್ಘವಾದ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿಗಳು ಎರಡು. ಮೊದಲನೆಯದು, ಆ ಪ್ರೋಗ್ರಾಮನ್ನು ಹಲವು ವರ್ಷಗಳ ಕಾಲ ಬರೆದವನು ಒಬ್ಬನೇ ಒಬ್ಬನು; ಅವನು ಏನು ಯೋಚಿಸಿ ಹೀಗೆ ಬರೆದನೆಂಬುದಕ್ಕೆ ಬರವಣಿಗೆಯ ದಾಖಲೆಗಳು ಬಹಳ ಕಡಮೆ. ಎರಡನೆಯದು ಇನ್ನೂ ವಿಚಿತ್ರ. ಅದೇ ದೋಷವು ಹಳೆಯ ‘ಥೆರಾಕ್-20’ರ ಪ್ರೋಗ್ರಾಮಿನಲ್ಲಿಯೂ ಇದ್ದಿತು! ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರತಿವರ್ಷ ಹೊಸ ವಿದ್ಯಾರ್ಥಿಗಳು ಬಂದು ಆ ಯಂತ್ರದ ಗುಂಡಿಗಳನ್ನು ಮನಬಂದಂತೆ ಒತ್ತಿದಾಗಲೆಲ್ಲ ಅದರ ಫ್ಯೂಸು ಸುಟ್ಟುಹೋಗುತ್ತಿತ್ತು. ಫ್ಯೂಸು ಸುಟ್ಟುದರಿಂದಲೇ ಯಾರ ಮೈಯೂ ಸುಡಲಿಲ್ಲ. ಹುಡುಗರ ಕೈ ಒರಟೆಂದು ಭಾವಿಸಿ ಹೊಸ ಫ್ಯೂಸನ್ನು ಹಾಕುತ್ತಿದ್ದರೇ ಹೊರತು, ಪ್ರೋಗ್ರಾಮನ್ನು ತೆರೆದು ಓದಬೇಕೆಂದು ಯಾರಿಗೂ ತೋರಲಿಲ್ಲ.

ಇಲ್ಲಿ ಆ ಒಬ್ಬ ಬರಹಗಾರನನ್ನು ದೂಷಿಸುವುದು ಸುಲಭ. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ವಿಲ್ಕ್ಸ್ ಅವರಂಥವರೇ 126 ಸಾಲುಗಳಲ್ಲಿ 20 ತಪ್ಪು ಮಾಡಿರುವಾಗ ಸಾವಿರಾರು ಸಾಲುಗಳನ್ನು ಬರೆದವನು ತಪ್ಪು ಮಾಡಿದನೆಂಬುದು ಸುದ್ದಿಯೇ ಅಲ್ಲ. ಎರಡನೆಯ ಜೊತೆ ಕಣ್ಣುಗಳು ಅದನ್ನು ಓದಲಿಲ್ಲವೆಂಬುದೇ ಸುದ್ದಿ.

ಇನ್ನು ಇದಕ್ಕೆ ವ್ಯತಿರಿಕ್ತವಾದ ಬಗೆಯೊಂದುಂಟು: ತಪ್ಪೇ ಇಲ್ಲದ ಸಾಲು ತಪ್ಪಾಗಿ ಪರಿಣಮಿಸುವುದು. 1996ರ ಜೂನ್ 4ರಂದು ಯೂರೋಪಿನ ‘ಏರಿಯನ್-5’ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ, ಮೇಲೆದ್ದು ಸುಮಾರು 40 ಸೆಕೆಂಡುಗಳಲ್ಲಿ, ನಾಲ್ಕು ಉಪಗ್ರಹಗಳ ಸಮೇತ ಚೂರುಚೂರಾಯಿತು. ಅದರ ದಿಕ್ಕನ್ನು ಅಳೆಯುವ ಉಪಕರಣದ ಪ್ರೋಗ್ರಾಮನ್ನು ಹಿಂದಿನ ‘ಏರಿಯನ್-4’ರಿಂದ ತೆಗೆದುಕೊಂಡಿದ್ದರು. ಅದರಲ್ಲಿ ಒಂದು ದೊಡ್ಡ ಸಂಖ್ಯೆಯನ್ನು 32,767ಕ್ಕಿಂತ ಹೆಚ್ಚಿನದು ಹಿಡಿಸದಂಥ ಸಣ್ಣ ಪೆಟ್ಟಿಗೆಗೆ ತುಂಬುವ ಸಾಲೊಂದಿತ್ತು. ಹಳೆಯ ರಾಕೆಟ್ಟಿನ ಅಡ್ಡವೇಗವು ಆ ಮಿತಿಯನ್ನು ಎಂದೂ ದಾಟಲಾರದೆಂದು ಲೆಕ್ಕಹಾಕಿಯೇ, ಯಂತ್ರದ ಮೇಲಿನ ಹೊರೆಯನ್ನು ಇಳಿಸಲು, ಅಲ್ಲಿ ರಕ್ಷಣೆ ಬೇಡವೆಂದು ಹಿಂದಿನವರು ತೀರ್ಮಾನಿಸಿದ್ದರು. ಅವರ ಲೆಕ್ಕ ಸರಿಯಾಗಿಯೇ ಇದ್ದಿತು. ಹೊಸ ರಾಕೆಟ್ಟಾದರೋ ಅಡ್ಡಡ್ಡಲಾಗಿ ಬಹಳ ಹೆಚ್ಚಿನ ವೇಗದಿಂದ ಸಾಗುವಂಥದು. ಸಂಖ್ಯೆ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಉಪಕರಣ ಸ್ತಬ್ಧವಾಯಿತು, ಒಂದು ಕೆಟ್ಟರೆ ಇನ್ನೊಂದಿರಲೆಂದು ಇಟ್ಟಿದ್ದ ಜೋಡಿ ಉಪಕರಣದಲ್ಲಿಯೂ ಅದೇ ಪ್ರೋಗ್ರಾಮಿದ್ದುದರಿಂದ ಅದೂ ಹಾಗೆಯೇ ಸ್ತಬ್ಧವಾಗಿದ್ದಿತು. ತನಿಖೆಯ ವರದಿಯಲ್ಲಿ ಒಂದು ಮಾತಿದೆ, ಅದನ್ನು ಓದಿದಾಗ ಮನಸ್ಸಿಗೆ ನೋವಾಗುತ್ತದೆ: ರಕ್ಷಣೆಯನ್ನು ಬಿಟ್ಟುದೇಕೆಂಬ ಕಾರಣವು ಪ್ರೋಗ್ರಾಮಿನಲ್ಲಿ ಆ ಸಾಲಿನ ಬಳಿ ಬರೆದಿರಲಿಲ್ಲ. ಬರೆದಿದ್ದರೆ ರಾಕೆಟ್ಟು ಉಳಿಯುತ್ತಿತ್ತೆಂದು ನಾನು ಪ್ರಮಾಣಮಾಡಲಾರೆ. ಆದರೆ ‘ಹಳೆಯ ರಾಕೆಟ್ಟಿನ ವೇಗಕ್ಕೆ ಮಾತ್ರ’ ಎಂಬ ನಾಲ್ಕು ಶಬ್ದಗಳನ್ನು ಕಂಡವನು ಒಂದು ಗಳಿಗೆ ಕೈ ತಡೆದು ನಿಲ್ಲುತ್ತಿದ್ದನೆಂದು ನಂಬಬಹುದಲ್ಲವೆ? ಪ್ರೋಗ್ರಾಮು ಏನು ಮಾಡುತ್ತದೆಂಬುದನ್ನು ಯಂತ್ರವೇ ಓದಿಕೊಳ್ಳುತ್ತದೆ. ಅದು ಹಾಗೆ ಮಾಡುವುದೇಕೆಂಬುದನ್ನು ಮುಂದೆ ಬರುವ ಮನುಷ್ಯನಿಗೆ ಬರೆದವನೇ ಹೇಳಿಹೋಗಬೇಕು.

ನಮ್ಮ ನಾಡಿಗೆ ಈ ಉದ್ಯೋಗವು ಭಾರಿ ಪ್ರಮಾಣದಲ್ಲಿ ಬಂದುದು ಹೇಗೆಂಬುದನ್ನೂ ಇಲ್ಲಿ ನೆನೆಯಬೇಕು. ಹಿಂದಿನ ಪ್ರೋಗ್ರಾಮುಗಳಲ್ಲಿ ಜಾಗ ಉಳಿಸುವ ಸಲುವಾಗಿ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಿದ್ದಿತು. 2000ನೆಯ ಇಸವಿ ಸಮೀಪಿಸಿದಾಗ ‘00’ ಎಂಬುದನ್ನು ಯಂತ್ರಗಳು 1900 ಎಂದು ತಿಳಿದಾವೆಂಬ ಭೀತಿ ಹುಟ್ಟಿತು. ಪಾಶ್ಚಾತ್ಯ ದೇಶಗಳ ಬ್ಯಾಂಕುಗಳೂ ವಿಮಾ ಕಂಪೆನಿಗಳೂ ಕೋಟ್ಯಂತರ ಸಾಲುಗಳನ್ನು ಓದಿ ತಿದ್ದಿಸಬೇಕಾಯಿತು. ಆ ಕೆಲಸದ ದೊಡ್ಡ ಪಾಲು ಬೆಂಗಳೂರೇ ಮೊದಲಾದ ನಮ್ಮ ನಗರಗಳಿಗೆ ಬಂದಿತು. ಅಂದರೆ, ಇಲ್ಲಿನ ಒಂದು ತಲೆಮಾರಿನ ತರುಣರು ಕಸಬನ್ನು ಕಲಿತುದು ತಾವು ಹುಟ್ಟುವ ಮೊದಲೇ ಯಾರೋ ಬರೆದಿಟ್ಟ ಪ್ರೋಗ್ರಾಮುಗಳನ್ನು ಓದುತ್ತ. ಅದನ್ನು ಕೂಲಿಯ ಕೆಲಸವೆಂದು ಹೀಯಾಳಿಸಿದವರುಂಟು. ನಾನು ಹಾಗೆ ಎಣಿಸುವುದಿಲ್ಲ. ಆ ಕೆಲಸದಿಂದ ಒಳ್ಳೆಯ ಕುಶಲಿಗಳಾಗಿ ಹೊರಬಂದವರನ್ನು ಬಲ್ಲೆ.

ಹೀಗಿದ್ದೂ ತನ್ನ ಬರಹವನ್ನು ಇತರರಿಗೆ ತೋರಿಸಲು ಮನುಷ್ಯನು ಹಿಂಜರಿಯುವುದೇಕೆ? ಕಾರಣ ಸರಳವಾದುದು: ನಾಚಿಕೆ. ತನ್ನ ಪ್ರೋಗ್ರಾಮಿನ ತಪ್ಪು ತನ್ನ ಬುದ್ಧಿಯ ತಪ್ಪೆಂದು ಅವನಿಗೆ ತೋರುತ್ತದೆ. ಜೆರಾಲ್ಡ್ ವೈನ್‌ಬರ್ಗ್ ಎಂಬ ಅಮೆರಿಕದ ಲೇಖಕರು 1971ರಲ್ಲಿ ಪ್ರೋಗ್ರಾಮು ಬರೆಯುವವರ ಮನಶ್ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಈ ‘ನನ್ನದು’ ಎಂಬ ಭಾವವನ್ನು ಬಿಟ್ಟು ಬರೆಯುವುದನ್ನು ಅಭ್ಯಾಸಮಾಡಬೇಕೆಂದು ವಾದಿಸಿದರು. ಅವರು ಹೇಳುವ ಒಂದು ಪ್ರಸಂಗದಲ್ಲಿ, ನುರಿತ ಕೆಲಸಗಾರನೊಬ್ಬನು ತಾನು ಬರೆದ 13 ಸಾಲುಗಳನ್ನು ಸಹೋದ್ಯೋಗಿಗೆ ತೋರಿಸಿದಾಗ ಆಕೆ ಅರ್ಧ ಗಂಟೆಯೊಳಗೆ 17 ತಪ್ಪುಗಳನ್ನು ಎತ್ತಿತೋರಿಸಿದಳಂತೆ. ಅವನು ಮುಖ ಬಾಡಿಸಿಕೊಳ್ಳಲಿಲ್ಲ. ಇಂತಹ ಓದುಗಳು ತನಗೆ ಸಿಕ್ಕಳಲ್ಲಾ ಎಂದು ಎಲ್ಲರ ಮುಂದೆಯೂ ಹೇಳಿಕೊಂಡು ನಕ್ಕನಂತೆ.

ನನ್ನದೇ ಒಂದು ಪ್ರಸಂಗವನ್ನು ಹೇಳುವುದಾದರೆ, ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸಹಕಾರ ಸಂಘಕ್ಕಾಗಿ ಠೇವಣಿಯ ಬಡ್ಡಿಯನ್ನು ಲೆಕ್ಕಹಾಕುವ ಪ್ರೋಗ್ರಾಮನ್ನು ಬರೆದಿದ್ದೆ. ಹತ್ತು ಉದಾಹರಣೆಗಳನ್ನು ಕೈಯಿಂದ ಲೆಕ್ಕಹಾಕಿ ತಾಳೆನೋಡಿ, ಹೆಮ್ಮೆಯಿಂದಲೇ ಹಿರಿಯ ಸಹೋದ್ಯೋಗಿಯೊಬ್ಬರ ಮುಂದೆ ಇಟ್ಟೆ. ಅವರು ಕನ್ನಡಕವನ್ನು ಮೂಗಿನ ಮೇಲೆ ಜಾರಿಸಿಕೊಂಡು ಎರಡು ನಿಮಿಷ ಓದಿದರು.

“ಈ 365 ಎಲ್ಲಿಂದ ಬಂತಪ್ಪಾ?” ಎಂದರು.

“ವರ್ಷಕ್ಕೆ ಅಷ್ಟೇ ದಿನ ಅಲ್ಲವೇ ಮೇಡಂ?”

“ಎಲ್ಲ ವರ್ಷಕ್ಕೂನೋ?”

ನನ್ನ ಹತ್ತು ಉದಾಹರಣೆಗಳಲ್ಲಿ ಅಧಿಕ ವರ್ಷದ್ದು ಒಂದೂ ಇರಲಿಲ್ಲ. ಅಧಿಕ ವರ್ಷವು ನನ್ನ ಮನಸ್ಸಿನಲ್ಲಿ ಇದ್ದಿದ್ದರೆ ಪ್ರೋಗ್ರಾಮಿನಲ್ಲಿಯೂ ಇರುತ್ತಿತ್ತು, ಉದಾಹರಣೆಯಲ್ಲಿಯೂ ಇರುತ್ತಿತ್ತು. ಮನಸ್ಸಿನಲ್ಲಿ ಇಲ್ಲದುದು ಎರಡು ಕಡೆಯೂ ಇಲ್ಲವಾಯಿತು. ಬರೆದವನೇ ಪರೀಕ್ಷಿಸುವುದರ ಇತಿಮಿತಿಯೆಲ್ಲ ಇಷ್ಟರಲ್ಲಿ ಅಡಗಿದೆ. ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ ನೋಡುತ್ತಾನೆಯೇ ಹೊರತು ಚಿನ್ನಕ್ಕೆ ಚಿನ್ನವನ್ನೇ ತಿಕ್ಕುವುದಿಲ್ಲವಷ್ಟೆ. ಆ ದಿನ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಆದರೆ ಆ ಎರಡು ನಿಮಿಷಗಳಲ್ಲಿ ಕಲಿತಷ್ಟನ್ನು ಹಿಂದಿನ ಎರಡು ವರ್ಷಗಳ ಪ್ರಾಯೋಗಿಕ ತರಗತಿಗಳಲ್ಲಿ ಕಲಿತಿರಲಿಲ್ಲ.

ಇಂತಹ ಓದನ್ನು ವ್ಯವಸ್ಥಿತ ಪದ್ಧತಿಯಾಗಿ ರೂಪಿಸಿ 1976ರಲ್ಲಿ ಜಗತ್ತಿನ ಮುಂದಿಟ್ಟವರು ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್. ನಾಲ್ಕಾರು ಮಂದಿ ಸೇರಿ, ಮೊದಲೇ ಓದಿಕೊಂಡು ಬಂದು, ಸಾಲುಸಾಲಾಗಿ ಪ್ರೋಗ್ರಾಮನ್ನು ತಡಕುವುದು. ಸಿಕ್ಕಿದ ತಪ್ಪನ್ನು ಪಟ್ಟಿಮಾಡುವುದು. ಅವರು ಹಾಕಿದ ಒಂದು ನಿಯಮವನ್ನು ಇಂದಿನ ಎಷ್ಟೋ ಕಚೇರಿಗಳು ಮರೆತಂತಿವೆ: ಹೀಗೆ ಸಿಕ್ಕಿದ ತಪ್ಪುಗಳ ಎಣಿಕೆಯನ್ನು ಬರೆದವನ ಯೋಗ್ಯತೆಯನ್ನು ಅಳೆಯಲು ಬಳಸಕೂಡದು. ಬಳಸಿದ ದಿನವೇ ಜನರು ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ. ತಂಡದ ಮುಖ್ಯಸ್ಥರಾಗಿರುವವರು ಈ ಲೇಖನವನ್ನು ಓದುವುದಾದರೆ ಇದೊಂದನ್ನು ಗಮನಿಸಬೇಕೆಂದು ವಿನಂತಿ. ಹೊಸಬರ ಬೆಳವಣಿಗೆಗೆ ತರಬೇತಿ ಶಿಬಿರಗಳನ್ನು ಏರ್ಪಡಿಸುವುದಕ್ಕಿಂತಲೂ, ಹಿರಿಯನೊಬ್ಬನು ತನ್ನ ಸ್ವಂತ ಬರಹವನ್ನು ಕಿರಿಯನ ಕೈಗೆ ಕೊಟ್ಟು ‘ಇದರಲ್ಲಿ ತಪ್ಪು ಹುಡುಕು’ ಎನ್ನುವುದು ಹೆಚ್ಚು ಫಲಕಾರಿ. ಖರ್ಚೂ ಇಲ್ಲ.

ಡೊನಾಲ್ಡ್ ಕನೂತ್ ಅವರ ಹೆಸರನ್ನು ಗಣಕವಿಜ್ಞಾನದ ವಿದ್ಯಾರ್ಥಿಗಳು ಕೇಳಿರಬಹುದು. ಗಣಿತದ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಅಕ್ಷರ ಜೋಡಿಸುವ ‘ಟೆಕ್’ ಎಂಬ ತಂತ್ರಾಂಶವನ್ನು ರಚಿಸಿದವರು ಅವರು. 1978ರಿಂದ ಹತ್ತು ವರ್ಷ ಅದರಲ್ಲಿ ತಾವು ಮಾಡಿದ ತಪ್ಪು, ತಿದ್ದುಪಡಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತ ಹೋದರು. 850ಕ್ಕೂ ಮೇಲ್ಪಟ್ಟ ಆ ಪಟ್ಟಿಯನ್ನು 1989ರಲ್ಲಿ ಪ್ರಬಂಧವಾಗಿ ಪ್ರಕಟಿಸಿಯೂ ಬಿಟ್ಟರು! ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಕಂಡುಹಿಡಿದವರಿಗೆ 2.56 ಡಾಲರುಗಳ ಚೆಕ್ಕನ್ನು ಕಳುಹಿಸುತ್ತಿದ್ದರು. ಪಡೆದವರಲ್ಲಿ ಅನೇಕರು ಅದನ್ನು ನಗದಾಗಿಸದೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಬ್ಯಾಂಕು ಮೋಸಗಳ ಕಾಟದಿಂದ 2008ರಲ್ಲಿ ನಿಜವಾದ ಚೆಕ್ಕುಗಳನ್ನು ನಿಲ್ಲಿಸಿ, ಕಾಲ್ಪನಿಕ ಬ್ಯಾಂಕೊಂದರ ಹೆಸರಿನಲ್ಲಿ ಪ್ರಮಾಣಪತ್ರವನ್ನು ಕೊಡಲಾರಂಭಿಸಿದರು. ಇಷ್ಟು ದೊಡ್ಡ ವಿದ್ವಾಂಸರಿಗೆ ತಮ್ಮ ತಪ್ಪನ್ನು ಪ್ರಕಟಿಸಲು ಸಂಕೋಚವಿಲ್ಲದಿರುವಾಗ ನಾವು ಕೈ ಅಡ್ಡವಿಡುವುದು ಏತಕ್ಕೆ?

ಇಷ್ಟನ್ನು ಕೇಳಿದ ಒಬ್ಬ ತರುಣ ಮಿತ್ರನು ಆಕ್ಷೇಪವೊಂದನ್ನು ಎತ್ತಿದನು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ, ಬೇಕಾದುದನ್ನು ಮಾತಿನಲ್ಲಿ ಕೇಳಿದರೆ ಪ್ರೋಗ್ರಾಮನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಇನ್ನು ಈ ಓದು, ತಿದ್ದುಗಳ ಗೊಡವೆ ಏಕೆ ಎಂದು ಅವನ ಪ್ರಶ್ನೆ. ನನಗೆ ಇದು ತದ್ವಿರುದ್ಧವಾಗಿ ಕಾಣುತ್ತದೆ. ಯಂತ್ರವು ನಿಮಿಷಕ್ಕೆ ನೂರಾರು ಸಾಲುಗಳನ್ನು ಬರೆದುಕೊಡುತ್ತದೆ, ನಿಜ. ಅವುಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಆದರೆ ತಪ್ಪಿದ್ದ ಕಡೆಯಲ್ಲಿಯೂ ಅದು ಅಷ್ಟೇ ಧೈರ್ಯದಿಂದ ಬರೆದಿರುತ್ತದೆ. ತಡವರಿಸುವುದು, ಅನುಮಾನದಿಂದ ತಲೆ ಕೆರೆದುಕೊಳ್ಳುವುದು ಅದಕ್ಕೆ ತಿಳಿಯದು. ಹಾಗೆ ಬಂದ ರಾಶಿಯಲ್ಲಿ ‘ಈ 365 ಎಲ್ಲಿಂದ ಬಂತು?’ ಎಂದು ಕೇಳಬಲ್ಲವನು ಬೇಕಲ್ಲವೆ? ಬರೆಯುವ ದುಡಿಮೆ ಅಗ್ಗವಾದಷ್ಟೂ ಓದುವ ಕುಶಲತೆಯ ಬೆಲೆ ಏರುತ್ತದೆ. ಬಾಯಿಪಾಠದ ಹನ್ನೆರಡು ಪ್ರೋಗ್ರಾಮುಗಳನ್ನು ಮಾತ್ರ ಬಲ್ಲವನ ಕೆಲಸವನ್ನು ಯಂತ್ರವು ಈಗಾಗಲೇ ಕಸಿದುಕೊಂಡಿದೆ. ಅವನಿಗಿಂತ ಅದರ ನೆನಪಿನ ಶಕ್ತಿ ದೊಡ್ಡದು.

ಹಾಗಾದರೆ ಮಾಡಬೇಕಾದುದೇನು? ನನ್ನ ಸಲಹೆ ಇಷ್ಟೆ. ಪ್ರಾಯೋಗಿಕ ಪರೀಕ್ಷೆಯ ಅರ್ಧ ಅಂಕಗಳನ್ನಾದರೂ ಓದಿಗೆ ಮೀಸಲಿಡಬೇಕು. ವಿದ್ಯಾರ್ಥಿಯು ಎತ್ತುವ ಚೀಟಿಯಲ್ಲಿ ಪ್ರಶ್ನೆಗೆ ಬದಲಾಗಿ, ಇನ್ನೊಬ್ಬರು ಬರೆದ, ಅವನು ಎಂದೂ ಕಾಣದ, ನೂರು ಸಾಲಿನ ಒಂದು ಪ್ರೋಗ್ರಾಮಿರಲಿ. ಅದು ಕೆಲಸಮಾಡುವಂತೆ ತೋರಬೇಕು. ಒಳಗೆ ಎರಡು ಮೂರು ದೋಷಗಳು ಅಡಗಿರಬೇಕು. ಅದು ಏನು ಮಾಡುತ್ತದೆಂದು ಸರಳವಾದ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ವಿವರಿಸಲಿ, ಯಾವ ಸಂದರ್ಭದಲ್ಲಿ ಮುರಿದುಬೀಳುತ್ತದೆಂದು ತೋರಿಸಲಿ, ತಿದ್ದಲಿ, ತಿದ್ದಿದುದೇಕೆಂದು ಮುಂದೆ ಓದುವವನಿಗಾಗಿ ಎರಡು ಸಾಲು ಬರೆಯಲಿ. ಇದನ್ನು ಬಾಯಿಪಾಠ ಮಾಡಲು ಬರುವುದಿಲ್ಲ. ಇದು ಹೊಸ ಉಪಾಯವೂ ಅಲ್ಲ. ಬ್ರಯನ್ ಕರ್ನಿಗನ್ ಮತ್ತು ಪಿ. ಜೆ. ಪ್ಲಾಜರ್ ಎಂಬವರು 1974ರಲ್ಲಿ ‘ದಿ ಎಲಿಮೆಂಟ್ಸ್ ಆಫ್ ಪ್ರೋಗ್ರಾಮಿಂಗ್ ಸ್ಟೈಲ್’ ಎಂಬ ಸಣ್ಣ ಪುಸ್ತಕವನ್ನು ಹೊರತಂದರು. ಅಚ್ಚಾಗಿ ಬಂದಿದ್ದ ಪಠ್ಯಪುಸ್ತಕಗಳಿಂದಲೇ ಪ್ರೋಗ್ರಾಮುಗಳನ್ನು ಆರಿಸಿ, ಅವುಗಳ ದೋಷಗಳನ್ನು ಬಿಡಿಸಿ ತೋರಿಸಿ, ತಿದ್ದಿ ಬರೆಯುವುದೇ ಆ ಪುಸ್ತಕದ ಕ್ರಮ. ಪಠ್ಯಪುಸ್ತಕದಲ್ಲಿ ತಪ್ಪಿರಬಹುದೆಂಬ ಯೋಚನೆಯೇ ನಮ್ಮ ವಿದ್ಯಾರ್ಥಿಗಳಿಗೆ ಒಂದು ಪಾಠವಾದೀತು.

ವಿಶ್ವವಿದ್ಯಾಲಯಗಳು ಬದಲಾಗುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಜಗತ್ತಿನ ಕೆಲವು ಶ್ರೇಷ್ಠ ಪ್ರೋಗ್ರಾಮುಗಳು ಇಂದು ಯಾರು ಬೇಕಾದರೂ ಓದಲು ತೆರೆದಿಟ್ಟ ಗ್ರಂಥಗಳಾಗಿವೆ. ಒಂದನ್ನು ಹೆಸರಿಸುತ್ತೇನೆ. ‘ಅರ್ಕ’ ಎಂಬ ಪದವನ್ನು ಗಣಕದಲ್ಲಿ ಅ, ರ, ಅರ್ಧಾಕ್ಷರದ ಚಿಹ್ನೆ, ಕ ಎಂಬ ಕ್ರಮದಲ್ಲಿ ಕೂಡಿಡುತ್ತಾರೆ. ಉಚ್ಚಾರಣೆಯಲ್ಲಿ ‘ರ್’ ಮೊದಲು, ‘ಕ’ ನಂತರ. ಬರಹದಲ್ಲಾದರೋ ‘ಕ’ ಮೊದಲು ಬಂದು ಅರ್ಕಾವೊತ್ತು ಅದರ ಬಲಕ್ಕೆ ಹೋಗಬೇಕು. ಈ ಸ್ಥಾನಪಲ್ಲಟವನ್ನು ಯಾರು ಮಾಡುತ್ತಾರೆ? ಆಂಡ್ರಾಯ್ಡ್ ಫೋನುಗಳಲ್ಲಿಯೂ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿಯೂ ಈ ಕೆಲಸವನ್ನು ನಿರ್ವಹಿಸುವುದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ. ಅದರ ಒಂದೊಂದು ಸಾಲೂ, ಪ್ರತಿ ತಿದ್ದುಪಡಿಯ ಇತಿಹಾಸವೂ ಓದಲು ದೊರೆಯುತ್ತವೆ. ಕನ್ನಡ ಒತ್ತಕ್ಷರಗಳ ಜಟಿಲತೆ ನಿಮಗೆ ಒಂದನೆಯ ತರಗತಿಯಿಂದಲೇ ಗೊತ್ತು. ಅದನ್ನು ಬರೆದವರಲ್ಲಿ ಅನೇಕರಿಗೆ ಗೊತ್ತಿರಲಾರದು. ಮೊದಲ ಓದಿನಲ್ಲಿ ಹತ್ತರಲ್ಲಿ ಒಂದು ಪಾಲು ಅರ್ಥವಾದರೆ ಅದು ಒಳ್ಳೆಯ ಆರಂಭವೇ. ಇಬ್ಬರು ಮೂವರು ಗೆಳೆಯರು ವಾರಕ್ಕೊಂದು ಸಂಜೆ ಸೇರಿ, ಒಬ್ಬನು ಗಟ್ಟಿಯಾಗಿ ವಿವರಿಸುತ್ತ ಉಳಿದವರು ಅಡ್ಡಪ್ರಶ್ನೆ ಹಾಕುತ್ತ ಓದಿದರೆ ಇನ್ನೂ ಮೇಲು. ಜೊತೆಗೆ, ಕನೂತ್ ಅವರ ಮಾದರಿಯಲ್ಲಿ, ನಿಮ್ಮ ತಪ್ಪುಗಳಿಗಾಗಿ ನೂರು ಹಾಳೆಯ ನೋಟುಪುಸ್ತಕವೊಂದನ್ನು ಇಟ್ಟುಕೊಳ್ಳಿರಿ: ತಾರೀಖು, ತಪ್ಪು, ಅದು ಕಂಡದ್ದು ಯಾರಿಗೆ, ಅದು ನನಗೇಕೆ ಕಾಣಲಿಲ್ಲ.

ನನ್ನ ಸಲಹೆಯನ್ನು ಪರಿಚಯದ ಅಧ್ಯಾಪಕರೊಬ್ಬರ ಮುಂದೆ ಇಟ್ಟಾಗ ಅವರು ಒಪ್ಪಿದಂತೆಯೇ ಕಂಡರು. ಅವರ ತೊಡಕು ಬೇರೆಯಾಗಿತ್ತು: ಪ್ರತಿ ಪರೀಕ್ಷೆಗೂ ಇಷ್ಟೊಂದು ದೋಷಪೂರಿತ ಪ್ರೋಗ್ರಾಮುಗಳನ್ನು ಕುಳಿತು ಬರೆಯಲು ತಮಗೆ ಪುರುಸೊತ್ತೆಲ್ಲಿ ಎಂದರು. ಅವರ ಹಿಂದಿದ್ದ ಬೀರುವಿನಲ್ಲಿ ಹಿಂದಿನ ವರ್ಷದ ವಿದ್ಯಾರ್ಥಿಗಳ ಪ್ರಯೋಗ ದಾಖಲೆ ಪುಸ್ತಕಗಳು, ಬಣ್ಣದ ಹೊದಿಕೆ ಹಾಕಿಸಿಕೊಂಡು, ಮಾಡಿನವರೆಗೆ ಒಟ್ಟಿದ್ದುವು. ಒಂದನ್ನು ಎಳೆದು ಇಬ್ಬರೂ ನೋಡಿದೆವು. ಮೂರನೆಯ ಪುಟದಲ್ಲಿಯೇ ಒಂದು ಸಿಕ್ಕಿತು. ಅದರ ಕೆಳಗೆ ಕೆಂಪು ಮಸಿಯಲ್ಲಿ ಅವರದೇ ಸಹಿ ಇದ್ದಿತು.